ಹಳೆಯ ಕನ್ನಡ ತಂತ್ರಾಂಶಗಳೂ ಕೂಟತಂತ್ರಾಂಶಗಳೂ: ಪರೀಕ್ಷಾಕ್ರಮದ ಒಂದು ವಿಚಾರ

ಪಶ್ಚಿಮ ಗಂಗರ ತಾಮ್ರಶಾಸನಗಳಲ್ಲಿ ಬಹುಭಾಗವು ಕೂಟವೆಂದು ಜೆ. ಎಫ್. ಫ್ಲೀಟರು ಸಾರಿದುದೂ, ಬಿ. ಎಲ್. ರೈಸರು ಅದನ್ನು ಒಪ್ಪದೆ ಬಹುಕಾಲ ವಾದಿಸಿದುದೂ ವಾಚಕರಿಗೆ ವಿದಿತವೇ ಆಗಿದೆ. ೧೯೦೧ರಲ್ಲಿ ಫ್ಲೀಟರು 'ಇಂಡಿಯನ್ ಆಂಟಿಕ್ವೆರಿ' ಪತ್ರಿಕೆಯಲ್ಲಿ ಕೂಟಶಾಸನಗಳ ಪಟ್ಟಿಯೊಂದನ್ನೇ ಪ್ರಕಟಿಸಿದರು. ಅವರ ಆಕ್ಷೇಪಗಳು ಹುರುಳಿಲ್ಲದವುಗಳಲ್ಲ. ಲಿಪಿಯು ಶಾಸನದಲ್ಲಿ ಹೇಳಿದ ಕಾಲಕ್ಕೆ ಹೊಂದದು, ತಿಥಿವಾರಗಳು ಗಣಿತಕ್ಕೆ ಕೂಡಿಬಾರವು ಎಂಬಂಥ ಲಕ್ಷಣಗಳನ್ನು ಹಿಡಿದು ಅವರು ನಿರ್ಣಯಿಸಿದರು. ಆದರೆ ಲಿಪಿಯು ಈಚಿನದಾದರೆ ಶಾಸನವು ಕೂಟವೇ ಆಗಬೇಕೆಂಬ ನಿಯಮವಿಲ್ಲ. ಸವೆದ ಹಳೆಯ ಪಟವನ್ನು ಮುಂದಿನ ಕಾಲದವರು ಪ್ರಾಮಾಣಿಕವಾಗಿಯೇ ಪ್ರತಿಮಾಡಿಸಿರಬಹುದು. ಕಡೆಗೆ ಆ ರಾಶಿಯಲ್ಲಿ ಕೆಲವು ಕೂಟವೆಂದೇ ನಿಂತವು, ಕೆಲವು ಪ್ರಮಾಣವೆಂದು ಅಂಗೀಕೃತವಾದವು. ಹೊರಗಿನ ಲಕ್ಷಣವು ಒಂದೇ ಆಗಿದ್ದರೂ ನಿರ್ಣಯವು ಒಂದೊಂದು ಪಟಕ್ಕೂ ಬೇರೆಬೇರೆಯಾಗಿ ಬರಬೇಕಾಯಿತು.

ಈಗ ಇದೇ ಪ್ರಶ್ನೆಯು ತಾಮ್ರಪಟವನ್ನು ಬಿಟ್ಟು ಬೇರೊಂದು ವಸ್ತುವಿನ ವಿಷಯದಲ್ಲಿ ಎದ್ದಿದೆ. ಸುಮಾರು ೧೯೯೦ರಿಂದ ೨೦೧೦ರವರೆಗೆ ಕನ್ನಡದಲ್ಲಿ ಗಣಕದ ಮೂಲಕ ಬರೆಯಲ್ಪಟ್ಟ ಸಾಹಿತ್ಯವು ಅಪಾರವಾಗಿದೆ. ಅದನ್ನು ಬರೆಯಲು ಬಳಸಿದ ತಂತ್ರಾಂಶಗಳು ಫ್ಲಾಪಿಗಳಲ್ಲಿಯೂ ಸಿ.ಡಿ.ಗಳಲ್ಲಿಯೂ ಉಳಿದಿವೆ. ಅವುಗಳನ್ನು ಇಂದಿನ ಯಂತ್ರಕ್ಕೆ ಹಾಕಿದೊಡನೆ ಅಲ್ಲಿ ಕಾವಲಿರುವ ಆಂಟಿವೈರಸ್ಸು ಒಮ್ಮೊಮ್ಮೆ ಅವನ್ನು ವೈರಸ್ಸೆಂದು ಹೇಳಿ, ನಮ್ಮನ್ನು ಕೇಳದೆಯೇ ಅಳಿಸಿಬಿಡುವುದುಂಟು. ಫ್ಲೀಟರ ತೀರ್ಪಿನಿಂದ ಯಾವ ತಾಮ್ರಪಟವೂ ಕರಗಿಹೋಗಲಿಲ್ಲ. ರೈಸರು ಮತ್ತೆ ನೋಡುವುದಕ್ಕೆ ಅದು ಉಳಿದಿತ್ತು. ಇಲ್ಲಿ ತೀರ್ಪೂ ದಹನವೂ ಏಕಕಾಲದಲ್ಲಿ ನಡೆಯುತ್ತವೆ. ಆದಕಾರಣ ಹಳೆಯ ನಿರ್ದೋಷ ತಂತ್ರಾಂಶವನ್ನೂ ವೈರಸ್ಸನ್ನೂ ಬೇರ್ಪಡಿಸುವ ಕ್ರಮವನ್ನು ಗ್ರಂಥಸಂಪಾದಕರು ತಿಳಿದಿರಬೇಕೆಂದು ನನ್ನ ಅಭಿಪ್ರಾಯ.

ಮೊದಲು ವೈರಸ್ಸಿನ ಪೂರ್ವವೃತ್ತಾಂತವನ್ನು ಸಂಕ್ಷೇಪವಾಗಿ ಹೇಳುವೆನು. ತನ್ನನ್ನು ತಾನೇ ಪ್ರತಿಮಾಡಿಕೊಳ್ಳುವ ಯಂತ್ರದ ತತ್ತ್ವವನ್ನು ಜಾನ್ ವಾನ್ ನ್ಯೂಮನ್ ಎಂಬ ಗಣಿತಜ್ಞನು ೧೯೪೯ರಲ್ಲಿಯೇ ಉಪನ್ಯಾಸಗಳಲ್ಲಿ ವಿವರಿಸಿದ್ದನು. ೧೯೭೧ರಲ್ಲಿ 'ಕ್ರೀಪರ್' ಎಂಬ ತಂತ್ರಾಂಶವು ಒಂದು ಗಣಕದಿಂದ ಮತ್ತೊಂದಕ್ಕೆ ತೆವಳಿತು. ಅದು ಒಂದು ವಾಕ್ಯವನ್ನು ತೋರಿಸಿತಲ್ಲದೆ ಯಾರಿಗೂ ಕೇಡು ಮಾಡಲಿಲ್ಲ. ೧೯೮೩ರಲ್ಲಿ ಫ್ರೆಡ್ ಕೋಹೆನ್ ಎಂಬ ವಿದ್ಯಾರ್ಥಿಯು ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದಲ್ಲಿ ಇಂಥದೊಂದನ್ನು ಪ್ರಯೋಗಿಸಿ ತೋರಿಸಿದಾಗ, ಅವನ ಗುರುವಾದ ಲಿಯೊನಾರ್ಡ್ ಆಡ್ಲ್‌ಮನ್ನನು ಅದಕ್ಕೆ ವೈರಸ್ ಎಂಬ ಹೆಸರನ್ನು ಸೂಚಿಸಿದನು. ಮಾರನೆಯ ವರ್ಷ ಕೋಹೆನ್ನನು ಪ್ರಕಟಿಸಿದ ಪ್ರಬಂಧದಲ್ಲಿ ನಮಗೆ ಅತ್ಯಂತ ಮುಖ್ಯವಾದ ಒಂದು ಸಿದ್ಧಾಂತವಿದೆ: ಯಾವುದೇ ತಂತ್ರಾಂಶವನ್ನು ಕೊಟ್ಟರೂ ಇದು ವೈರಸ್ಸು, ಇದು ಅಲ್ಲ ಎಂದು ತಪ್ಪದೆ ಹೇಳಬಲ್ಲ ಸರ್ವಸಮರ್ಥವಾದ ಪರೀಕ್ಷೆಯೊಂದು ಇರಲಾರದು. ಇದು ಊಹೆಯಲ್ಲ, ಗಣಿತದಿಂದ ಸಾಧಿತವಾದ ವಿಷಯ. ಅಂದರೆ ಆಂಟಿವೈರಸ್ಸಿನ ತೀರ್ಪೆಲ್ಲವೂ ಅನುಮಾನವೇ ಹೊರತು ಪ್ರತ್ಯಕ್ಷವಲ್ಲ. ಅನುಮಾನವಾದುದರಿಂದ ಅದರ ಹೇತುವನ್ನು ಪರೀಕ್ಷಿಸುವ ಅಧಿಕಾರವು ನಮಗುಂಟು.

೧೯೮೬ರಲ್ಲಿ ಲಾಹೋರಿನ ಇಬ್ಬರು ಸಹೋದರರ ಅಂಗಡಿಯಿಂದ 'ಬ್ರೈನ್' ಎಂಬ ವೈರಸ್ಸು ಹೊರಟಿತು. ಅದರೊಳಗೆ ಕರ್ತೃಗಳ ಹೆಸರು, ವಿಳಾಸ, ದೂರವಾಣಿಯ ಸಂಖ್ಯೆ ಎಲ್ಲವೂ ಇದ್ದವು. ಶಾಸನದ ಕೊನೆಯಲ್ಲಿ ಹೆಸರು ಕೊರೆದುಕೊಳ್ಳುವ ರೂವಾರಿಗೂ ಇಷ್ಟು ಧೈರ್ಯವಿರಲಿಲ್ಲ. ೧೯೮೭ರಲ್ಲಿ ಜೆರುಸಲೇಮಿನ ಹೀಬ್ರೂ ವಿಶ್ವವಿದ್ಯಾನಿಲಯದಲ್ಲಿ ಸಿಕ್ಕಿದ ವೈರಸ್ಸನ್ನು ಗ್ರಂಥಸಂಪಾದಕರು ಸ್ವಲ್ಪ ಗಮನವಿಟ್ಟು ನೋಡಬೇಕು. ಅದು 'ಕಾಮ್' ಜಾತಿಯ ಕಡತಗಳ ಆರಂಭಕ್ಕೆ ತನ್ನ ೧೮೦೮ ಬೈಟುಗಳನ್ನು ಸೇರಿಸಿ, ಕೊನೆಗೆ ಐದು ಅಕ್ಷರಗಳ ಗುರುತೊಂದನ್ನು ಇಡುತ್ತಿತ್ತು. ಹೀಗಾಗಿ ಕಡತವು ಸರಿಯಾಗಿ ೧೮೧೩ ಬೈಟುಗಳಷ್ಟು ಬೆಳೆಯುತ್ತಿತ್ತು. ಒಮ್ಮೆ ಸೇರಿದ ಕಡತಕ್ಕೆ ಮತ್ತೆ ಸೇರದಿರುವುದಕ್ಕಾಗಿ ಆ ಗುರುತು. ಆದರೆ 'ಎಕ್ಸಿ' ಜಾತಿಯ ಕಡತಗಳಲ್ಲಿ ಈ ಏರ್ಪಾಡು ನಡೆಯದೆ, ಅದು ಒಂದೇ ಕಡತಕ್ಕೆ ಮತ್ತೆಮತ್ತೆ ಸೇರಿ ಅದನ್ನು ಊದಿಸಿಬಿಡುತ್ತಿತ್ತು. ಹದಿಮೂರನೆಯ ತಾರೀಖು ಶುಕ್ರವಾರ ಬಿದ್ದರೆ ಆ ದಿನ ತೆರೆದ ತಂತ್ರಾಂಶಗಳನ್ನೆಲ್ಲ ಅಳಿಸುತ್ತಿತ್ತು. ಮೂಲವನ್ನು ಕೆಡಿಸದೆ ಅದರ ಮೈಗೆ ಅಂಟಿಕೊಂಡು, ಮೂಲದ ಹೆಸರಿನಲ್ಲಿಯೇ ಊರೂರಿಗೆ ಹೋಗುವ ಇದನ್ನು ಪ್ರಕ್ಷೇಪವೆನ್ನದೆ ಮತ್ತೇನೆನ್ನಬೇಕು? ಎರಡು ಮಾತೃಕೆಗಳನ್ನು ಹೋಲಿಸಿ ಹೆಚ್ಚಿನ ಪದ್ಯವನ್ನು ಹಿಡಿಯುವಂತೆ ಎರಡು ಪ್ರತಿಗಳ ಅಳತೆಯನ್ನು ಹೋಲಿಸಿ ಇದನ್ನು ಹಿಡಿಯಬಹುದಾಗಿತ್ತು.

ಇನ್ನು ಕನ್ನಡದ ಕಡೆಗೆ ಬರೋಣ. ಭಾರತೀಯ ಲಿಪಿಗಳ ಇಸ್ಕಿ ಸಂಕೇತವು ೧೯೯೧ರಲ್ಲಿ ರಾಷ್ಟ್ರೀಯ ಮಾನಕವಾಯಿತು. ಅದೇ ವರ್ಷ ಯೂನಿಕೋಡಿನ ಮೊದಲನೆಯ ಆವೃತ್ತಿಯಲ್ಲಿ ಕನ್ನಡಕ್ಕೂ ಸ್ಥಾನ ದೊರೆಯಿತು. ಆದರೆ ಅವುಗಳು ಸಾಮಾನ್ಯ ಬರೆಹಗಾರನ ಕೈಗೆ ಬರುವುದಕ್ಕೆ ಬಹುಕಾಲ ಹಿಡಿಯಿತು. ನಡುವಣ ಅವಧಿಯಲ್ಲಿ ಕೆಲಸ ನಡೆದುದು ಬೇರೆ ಉಪಾಯಗಳಿಂದ. ಕೆ. ಪಿ. ರಾಯರ ಕೀಲಿಮಣೆಯ ವಿನ್ಯಾಸವು ನಾಡಿಗೆಲ್ಲ ರೂಢಿಯಾಯಿತು. ಅವರು ತಮ್ಮ ತಂತ್ರಾಂಶವೊಂದಕ್ಕೆ 'ಸೇಡಿಯಾಪು' ಎಂದು ಪಂಡಿತರ ಹೆಸರನ್ನಿಟ್ಟುದು ನಮಗೆಲ್ಲ ಸಂತೋಷದ ಸಂಗತಿ. ೧೯೯೮ರಲ್ಲಿ ಶೇಷಾದ್ರಿವಾಸು ಚಂದ್ರಶೇಖರನ್ ಅವರ 'ಬರಹ' ಬಂದಿತು. ಕನ್ನಡ ಗಣಕ ಪರಿಷತ್ತಿನ 'ನುಡಿ'ಯು ಸರ್ಕಾರದ ಕಚೇರಿಗಳನ್ನೆಲ್ಲ ವ್ಯಾಪಿಸಿತು. ಪುಣೆಯ ಮಾಡ್ಯುಲರ್ ಸಂಸ್ಥೆಯ 'ಶ್ರೀಲಿಪಿ'ಯು ಮುದ್ರಣಾಲಯಗಳಲ್ಲಿ ನೆಲಸಿತು. ಇವಲ್ಲದೆ ಸಣ್ಣಪುಟ್ಟ ಪ್ರಕಾಶಕರೂ ಡಿ.ಟಿ.ಪಿ. ಅಂಗಡಿಯವರೂ ಬಳಸುತ್ತಿದ್ದ, ಹೆಸರು ಹೆಚ್ಚು ಪ್ರಚಾರಕ್ಕೆ ಬಾರದ ತಂತ್ರಾಂಶಗಳೂ ಇದ್ದವು.

ಇವುಗಳಲ್ಲಿ ಬಹುತೇಕವಾಗಿ ಕನ್ನಡದ ಅಕ್ಷರಖಂಡಗಳನ್ನು ರೋಮನ್ ಅಕ್ಷರಗಳ ಸ್ಥಾನದಲ್ಲಿ ಕೂಡಿಸಿರುತ್ತಿದ್ದರು. ತಕ್ಕ ಫಾಂಟು ಇದ್ದರೆ ಕನ್ನಡವಾಗಿ ಕಾಣುವ ಪುಟವು ಅದಿಲ್ಲದಾಗ ಅರ್ಥವಿಲ್ಲದ ರೋಮನ್ ಅಕ್ಷರಗಳ ಸಾಲಾಗಿ ಕಾಣುವುದು. ನುಡಿ, ಬರಹಗಳ ಸಂಕೇತವನ್ನು ಯೂನಿಕೋಡಿಗೆ ಪರಿವರ್ತಿಸುವ ಸಾಧನಗಳು ಈಗ ಸುಲಭವಾಗಿ ದೊರೆಯುವುದರಿಂದ ಅವುಗಳ ವಿಷಯದಲ್ಲಿ ಅಷ್ಟೊಂದು ಭಯವಿಲ್ಲ. ಹೆಸರಿಲ್ಲದ ತಂತ್ರಾಂಶಗಳ ಗತಿಯೇ ಬೇರೆ. ಅವುಗಳ ಸಂಕೇತದ ಕೋಷ್ಟಕವು ಎಲ್ಲಿಯೂ ಅಚ್ಚಾಗಿಲ್ಲ. ಫಾಂಟು ಕೂಡ ಆ ತಂತ್ರಾಂಶದ ಸ್ಥಾಪಕ ಕಡತದ ಹೊಟ್ಟೆಯಲ್ಲಿಯೇ ಇರುತ್ತದೆ. ಆ ಕಡತವು ಅಳಿಸಿಹೋದರೆ ಲಿಪಿಯ ಜ್ಞಾನವೇ ಕಳೆದುಹೋದ ಶಾಸನದಂತೆ ಆ ಗ್ರಂಥವು ಕಣ್ಣೆದುರಿಗೆ ಇದ್ದೂ ಇಲ್ಲದಂತಾಗುವುದು.

ಇಂಥ ತಂತ್ರಾಂಶಗಳ ಮೇಲೆ ಶಂಕೆ ಏಕೆ ಹುಟ್ಟುತ್ತದೆಂಬುದನ್ನು ತಿಳಿಯಬೇಕಾದರೆ ಕನ್ನಡದ ಅಕ್ಷರವು ತೆರೆಯ ಮೇಲೆ ಮೂಡುವ ಬಗೆಯನ್ನು ತಿಳಿಯಬೇಕು. ಬರೆಯುವವನು ಕಕಾರದ ಕೀಲಿಯನ್ನು ಒತ್ತುತ್ತಾನೆ. ತೆರೆಯ ಮೇಲೆ 'ಕ' ಬರುತ್ತದೆ. ಅನಂತರ ಇಕಾರವನ್ನು ಒತ್ತಿದರೆ ಮೊದಲು ಬಂದ 'ಕ'ವನ್ನು ಅಳಿಸಿ ಅಲ್ಲಿ 'ಕಿ'ಯನ್ನು ಇಡಬೇಕು. ಒತ್ತಕ್ಷರವಾದರೆ ಇನ್ನೂ ಒಂದೆರಡು ಹೆಜ್ಜೆ ಹಿಂದಿನದನ್ನು ನೆನಪಿಟ್ಟುಕೊಂಡಿರಬೇಕು. ಆದುದರಿಂದ ಕನ್ನಡದ ಕೀಲಿಮಣೆಯ ತಂತ್ರಾಂಶವು ಗಣಕವು ಎಚ್ಚರವಾಗಿರುವಷ್ಟು ಹೊತ್ತೂ ಮರೆಯಲ್ಲಿ ಕುಳಿತಿದ್ದು, ಯಾವ ಪುಟದಲ್ಲಿ ಯಾವ ಕೀಲಿಯನ್ನು ಒತ್ತಿದರೂ ಅದನ್ನು ನಡುವೆಯೇ ಹಿಡಿದು, ಹಿಂದಿನ ಕೀಲಿಗಳನ್ನು ನೆನೆದು, ಮತ್ತೊಂದು ತಂತ್ರಾಂಶದೊಳಕ್ಕೆ ತಾನೇ ಒತ್ತಿದಂತೆ ಅಕ್ಷರಗಳನ್ನು ಕಳುಹಿಸುತ್ತದೆ. ಗುಪ್ತಪದಗಳನ್ನು ಕದಿಯುವ ಚೋರತಂತ್ರಾಂಶವೂ ಮರೆಯಲ್ಲಿ ಕುಳಿತು ಪ್ರತಿಯೊಂದು ಕೀಲಿಯನ್ನೂ ಆಲಿಸುತ್ತದೆ. ಇಂಗ್ಲಿಷನ್ನು ಬರೆಯುವವನಿಗೆ ಇಂಥ ಮಧ್ಯಸ್ಥನ ಅಗತ್ಯವೇ ಇಲ್ಲದುದರಿಂದ, ಆ ಭಾಷೆಯ ನಡುವೆ ಬೆಳೆದ ಕಾವಲುಗಾರನ ಕಣ್ಣಿಗೆ ಕೀಲಿಗಳನ್ನು ಆಲಿಸುವ ಕಾರ್ಯವೇ ಅಪರಾಧದಂತೆ ತೋರಿದರೆ ಆಶ್ಚರ್ಯವಿಲ್ಲ.

ನ್ಯಾಯಶಾಸ್ತ್ರದಲ್ಲಿ ಇದಕ್ಕೆ ಹೆಸರುಂಟು. ಈ ತಂತ್ರಾಂಶವು ಚೋರವು, ಕೀಲಿಗಳನ್ನು ಆಲಿಸುವುದರಿಂದ ಎಂಬಲ್ಲಿ ಹೇತುವು ಸಾಧ್ಯವಿರುವ ಕಡೆಯೂ ಇದೆ, ಇಲ್ಲದ ಕಡೆಯೂ ಇದೆ. ಇದು ಸಾಧಾರಣ ಅನೈಕಾಂತಿಕ. ತರ್ಕವನ್ನು ಮೊದಲು ಕಲಿಯುವ ಬಾಲಕನಿಗೂ ಬೆಂಕಿಯಿಂದ ಹೊಗೆಯನ್ನು ಅನುಮಾನಿಸಬಾರದೆಂದು ಹೇಳಿಕೊಡುತ್ತಾರೆ. ಕಾದ ಕಬ್ಬಿಣದಲ್ಲಿ ಬೆಂಕಿಯುಂಟು, ಹೊಗೆಯಿಲ್ಲ. ಹೊಗೆ ಏಳಬೇಕಾದರೆ ಹಸಿಯ ಸೌದೆಯ ಸಂಯೋಗವಿರಬೇಕು. ಅದೇ ಅಲ್ಲಿಯ ಉಪಾಧಿ. ಪ್ರಕೃತದಲ್ಲಿ ಉಪಾಧಿಯು ಯಾವುದು? ಆಲಿಸಿದುದನ್ನು ಒಡೆಯನಿಗೆ ತಿಳಿಯದಂತೆ ಎಲ್ಲಿಯಾದರೂ ಬರೆದಿಡುವುದು, ಅಥವಾ ಹೊರಗಿನ ಗಣಕಕ್ಕೆ ರವಾನಿಸುವುದು. ವೈರಸ್ಸಿನ ವಿಷಯದಲ್ಲಾದರೆ ಅನ್ಯರ ಕಡತಗಳೊಳಕ್ಕೆ ತನ್ನ ಪ್ರತಿಯನ್ನು ಸೇರಿಸುವುದು. ಇವು ಕಂಡರೆ ದೋಷವು ಸಿದ್ಧ. ಕೀಲಿಯನ್ನು ಆಲಿಸುವುದು, ನೆನಪಿನಲ್ಲಿ ನೆಲಸುವುದು, ಗಣಕದೊಡನೆ ತಾನೂ ಎಚ್ಚರಗೊಳ್ಳುವುದು, ಸ್ಥಳವನ್ನುಳಿಸಲು ಮೈಯನ್ನು ಅದುಮಿಕೊಂಡಿರುವುದು ಇವೆಲ್ಲವೂ ಬರಿಯ ಬೆಂಕಿ.

ಇನ್ನೊಂದು ಹೇತುವು ಇದಕ್ಕಿಂತ ದುರ್ಬಲವಾದುದು. ೨೦೦೯ರಿಂದೀಚೆಗೆ ಕೆಲವು ರಕ್ಷಣಾತಂತ್ರಾಂಶಗಳು ಒಂದು ಕಡತವು ಜಗತ್ತಿನಲ್ಲಿ ಎಷ್ಟು ಗಣಕಗಳಲ್ಲಿದೆ ಎಂದು ಎಣಿಸತೊಡಗಿದವು. ಬಹಳ ಜನ ಬಳಸುವುದಕ್ಕೆ ವಿಶ್ವಾಸ, ವಿರಳವಾದುದಕ್ಕೆ ಶಂಕೆ. ಹೊಸ ಚೋರತಂತ್ರಾಂಶಗಳು ದಿನದಿನಕ್ಕೆ ವೇಷವನ್ನು ಬದಲಿಸುವುದರಿಂದ ಈ ನೀತಿಗೆ ಕಾರಣವಿಲ್ಲದಿಲ್ಲ. ಆದರೆ ಒಂದು ಜಿಲ್ಲೆಯ ಕೆಲವೇ ಅಂಗಡಿಗಳಲ್ಲಿ ಬಳಕೆಯಲ್ಲಿದ್ದ ಕನ್ನಡ ತಂತ್ರಾಂಶವು ಈ ತಕ್ಕಡಿಯಲ್ಲಿ ಯಾವಾಗಲೂ ಹಗುರವಾಗಿಯೇ ತೂಗುವುದು. ವಿರಳತೆಯೇ ದೋಷವಾಗಿದ್ದರೆ ಕೌಟಿಲ್ಯನ ಅರ್ಥಶಾಸ್ತ್ರದ ಗತಿ ಏನಾಗುತ್ತಿತ್ತು? ತಂಜಾವೂರಿನ ಪಂಡಿತರೊಬ್ಬರು ಮೈಸೂರಿನ ಪ್ರಾಚ್ಯ ಪುಸ್ತಕಭಂಡಾರಕ್ಕೆ ಒಪ್ಪಿಸಿದ ಗ್ರಂಥಲಿಪಿಯ ಓಲೆಗಳನ್ನು ಆರ್. ಶಾಮಶಾಸ್ತ್ರಿಗಳು ೧೯೦೫ರಲ್ಲಿ ಗುರುತಿಸಿ ೧೯೦೯ರಲ್ಲಿ ಮುದ್ರಿಸಿದರು. ಬೇರೆ ಮಾತೃಕೆಗಳು ಬೆಳಕಿಗೆ ಬಂದುದು ಅನಂತರ.

ಸಾಕ್ಷಿಗಳ ಸಂಖ್ಯೆಯೂ ಹೀಗೆಯೇ ಮೋಸಮಾಡಬಲ್ಲದು. ಒಂದು ಕಡತವನ್ನು ಹತ್ತಾರು ಆಂಟಿವೈರಸ್ಸುಗಳಿಂದ ಒಮ್ಮೆಗೇ ಪರೀಕ್ಷೆ ಮಾಡಿಸುವ 'ವೈರಸ್ ಟೋಟಲ್' ಎಂಬ ವ್ಯವಸ್ಥೆಯು ೨೦೦೪ರಿಂದ ಇದೆ. ಅದು ಬಹು ಉಪಯುಕ್ತವೇ. ಅಲ್ಲಿ ಹದಿನೈದು ಪರೀಕ್ಷಕರು ದೋಷವೆಂದರೆ ಸಾಮಾನ್ಯನು ನಂಬುತ್ತಾನೆ. ೨೦೧೦ರಲ್ಲಿ ಕ್ಯಾಸ್ಪರ್ಸ್ಕಿ ಸಂಸ್ಥೆಯವರು ಒಂದು ಪ್ರಯೋಗವನ್ನು ಬಹಿರಂಗಪಡಿಸಿದರು. ಅವರು ಇಪ್ಪತ್ತು ನಿರ್ದೋಷ ಕಡತಗಳನ್ನು ಮಾಡಿ, ಅವುಗಳಲ್ಲಿ ಹತ್ತನ್ನು ಬೇಕೆಂದೇ ದುಷ್ಟವೆಂದು ಹೇಳಿದರು. ಹತ್ತು ದಿನಗಳೊಳಗೆ ಬೇರೆ ಹದಿನಾಲ್ಕು ಸಂಸ್ಥೆಗಳವರೆಗೆ ಅದೇ ತೀರ್ಪು ಹಬ್ಬಿಹೋಯಿತು. ಹೇಳದೆ ಬಿಟ್ಟ ಹತ್ತನ್ನು ಅದೇ ರೀತಿ ಯಾರೂ ದೂಷಿಸಲಿಲ್ಲ. ಒಂದೇ ಮೂಲದಿಂದ ಇಳಿದ ಹತ್ತು ಓಲೆಪ್ರತಿಗಳು ಪಾಠನಿರ್ಣಯದಲ್ಲಿ ಒಂದೇ ಸಾಕ್ಷಿಯೆಂಬುದನ್ನು ನಮ್ಮಲ್ಲಿ ಯಾರಿಗೂ ಹೇಳಬೇಕಾಗಿಲ್ಲ. ಅದೇ ವರ್ಷದ ಏಪ್ರಿಲ್ ೨೧ರಂದು ಮೆಕಾಫಿ ಸಂಸ್ಥೆಯ ಆಂಟಿವೈರಸ್ಸು ವಿಂಡೋಸಿನ ಒಂದು ಮುಖ್ಯ ಅಂಗವನ್ನೇ ವೈರಸ್ಸೆಂದು ತಿಳಿದು ತೆಗೆದುಹಾಕಿ, ಅನೇಕ ದೇಶಗಳಲ್ಲಿ ಗಣಕಗಳನ್ನು ನಿಲ್ಲಿಸಿತು. ವಿಂಡೋಸಿಗಾದರೂ ಮಾಡಿದವರು ಇದ್ದರು, ದೂರು ಕೊಟ್ಟರು, ಬೇಗನೆ ತಿದ್ದುಪಡಿಯಾಯಿತು. ಕರ್ತೃವೇ ಮರೆತುಬಿಟ್ಟ ಕನ್ನಡ ತಂತ್ರಾಂಶದ ಪರವಾಗಿ ದೂರು ಕೊಡುವವರು ಯಾರು?

ಹೀಗೆಂದಮಾತ್ರಕ್ಕೆ ಹಳೆಯದೆಲ್ಲವೂ ಶುದ್ಧವೆಂದು ನಾನು ಹೇಳುವವನಲ್ಲ. ನಮ್ಮವರಲ್ಲಿ ಈ ವ್ಯಾಮೋಹವೂ ಇದೆ. ಕನ್ನಡದ್ದು, ಹಳೆಯದು, ಉಚಿತವಾಗಿ ಕೊಟ್ಟದ್ದು ಎಂದ ಮೇಲೆ ಅದರಲ್ಲಿ ಕೇಡೇನಿದ್ದೀತು ಎನ್ನುತ್ತಾರೆ. ಇದು ಹಿಂದಿನ ಹೇತ್ವಾಭಾಸಕ್ಕಿಂತ ಅಪಾಯಕರವಾದುದು. ನಿರ್ದೋಷವಾದ ತಂತ್ರಾಂಶವೇ ನಡುದಾರಿಯಲ್ಲಿ ವೈರಸ್ಸನ್ನು ಅಂಟಿಸಿಕೊಂಡು ಬಂದಿರಬಹುದು. ೧೯೯೫ರಿಂದೀಚೆಗೆ ಬರೆಹದ ಕಡತಗಳಲ್ಲಿಯೂ ವೈರಸ್ಸು ಅಡಗುವುದುಂಟು. ಆ ವರ್ಷ ಕಾಣಿಸಿಕೊಂಡ 'ಕಾನ್ಸೆಪ್ಟ್' ಎಂಬುದು ವರ್ಡ್ ಕಡತಗಳ ಮೂಲಕವೇ ಹರಡಿತು. ಆದುದರಿಂದ ಪರೀಕ್ಷಿಸಬೇಕಾದದ್ದು ಒಂದು ಹೆಸರಿನ ತಂತ್ರಾಂಶವನ್ನಲ್ಲ, ನಮ್ಮ ಕೈಯಲ್ಲಿರುವ ಒಂದೊಂದು ಪ್ರತಿಯನ್ನು.

ಇದಕ್ಕೆ ಉದಾಹರಣೆಯಾಗಿ ವಡಗೇರಾದಲ್ಲಿ ನನ್ನ ಕೈಗೆ ಬಂದ ಸಾಮಗ್ರಿಯನ್ನು ನಿರೂಪಿಸುವೆನು. ಭೀಮಾ ಕೃಷ್ಣೆಗಳ ನಡುವಣ ಈ ಸೀಮೆಯಲ್ಲಿ ಶಿಕ್ಷಕರೊಬ್ಬರು ಹಂತಿಯ ಪದಗಳನ್ನೂ ಮೊಹರಮ್ಮಿನ ಪದಗಳನ್ನೂ ಬಹಳ ವರ್ಷ ಸಂಗ್ರಹಿಸಿ, ಡಿ.ಟಿ.ಪಿ. ಅಂಗಡಿಯಲ್ಲಿ ಬೆರಳಚ್ಚು ಮಾಡಿಸಿದ್ದರು. ಹಾಡಿದ ಮುದುಕರಲ್ಲಿ ಈಗ ಯಾರೂ ಉಳಿದಿಲ್ಲ. ಕೈಬರೆಹದ ಪುಸ್ತಕಗಳನ್ನು ಗೆದ್ದಲು ತಿಂದಿದೆ. ಉಳಿದುದು ಮೂರು ಪ್ರತಿಗಳು: ಸಂಗ್ರಾಹಕರ ಮನೆಯ ಸಿ.ಡಿ., ಅಂಗಡಿಯವರ ಸಿ.ಡಿ., ಈಚೆಗೆ ಯಾರೋ ನಕಲು ಮಾಡಿಕೊಂಡ ಪೆನ್‌ಡ್ರೈವು. ಮೂರರಲ್ಲಿಯೂ ಹಾಡುಗಳ ಕಡತಗಳ ಜೊತೆಗೆ, ಅವನ್ನು ಓದಲು ಬೇಕಾದ ಹೆಸರಿಲ್ಲದ ತಂತ್ರಾಂಶವೂ ಇತ್ತು. ಸಿ.ಡಿ.ಗಳ ಮೇಲೆ ಶಹಾಪುರ ತಾಲ್ಲೂಕು, ಗುಲ್ಬರ್ಗಾ ಜಿಲ್ಲೆ ಎಂದು ಬರೆದಿತ್ತು. ಯಾದಗಿರಿಯು ಪ್ರತ್ಯೇಕ ಜಿಲ್ಲೆಯಾದುದು ೨೦೦೯ರ ಕೊನೆಯಲ್ಲಿ. ವಡಗೇರಾ ತಾಲ್ಲೂಕಾದುದು ಅದಕ್ಕೂ ಈಚೆಗೆ. ಹೀಗೆ ಹೊರಗಿನ ಬರೆಹವೇ ಕಾಲದ ಕೆಳಗಣ ಮೇರೆಯನ್ನು ಸೂಚಿಸಿತು. ಮೂರು ಪ್ರತಿಗಳ ತಂತ್ರಾಂಶವನ್ನೂ ಆಂಟಿವೈರಸ್ಸು ದೂಷಿಸಿತು. ಅಷ್ಟೇ ಅಲ್ಲ, ಪೆನ್‌ಡ್ರೈವಿನಿಂದ ಒಂದು ಕಡತವನ್ನು ಅಳಿಸಿಯೂಬಿಟ್ಟಿತು, ಸಿ.ಡಿ.ಯ ಮೇಲೆ ಬರೆಯುವುದು ಅದಕ್ಕೆ ಸಾಧ್ಯವಿಲ್ಲದುದರಿಂದ ಅವು ಬದುಕಿದವು.

ಅನಂತರ ಹೀಗೆ ಮಾಡಿದೆವು. ಜಾಲದ ಸಂಪರ್ಕವಿಲ್ಲದ ಹಳೆಯ ಗಣಕವೊಂದರಲ್ಲಿ, ಮೂಲವನ್ನು ಮುಟ್ಟದೆ, ಪ್ರತಿಗಳ ಪ್ರತಿಗಳನ್ನು ಮಾಡಿಕೊಂಡೆವು. ಕಡತದ ಎಲ್ಲ ಬೈಟುಗಳನ್ನೂ ಲೆಕ್ಕಕ್ಕೆ ತೆಗೆದುಕೊಂಡು ಬರುವ ಹ್ಯಾಶ್ ಎಂಬ ಸಂಖ್ಯೆಯೊಂದಿದೆ. ೬೪ ಅಂಕಾಕ್ಷರಗಳ ಈ ಸಂಖ್ಯೆಯು ಒಂದು ಬೈಟು ಬದಲಾದರೂ ಪೂರ್ತಿಯಾಗಿ ಬದಲಾಗುತ್ತದೆ. ಎರಡು ಸಿ.ಡಿ.ಗಳಲ್ಲಿದ್ದ ಮುಖ್ಯ ಕಡತದ ಸಂಖ್ಯೆಯು ಅಕ್ಷರಶಃ ಒಂದೇ. ಬೇರೆಬೇರೆ ಮನೆಗಳಲ್ಲಿ, ಬೇರೆಬೇರೆ ಗಣಕಗಳೊಡನೆ ವರ್ಷಗಟ್ಟಲೆ ಇದ್ದ ಎರಡು ಸಾಕ್ಷಿಗಳು ಒಂದೇ ಪಾಠವನ್ನು ಹೇಳಿದವು. ಇದರಿಂದ ಸಿ.ಡಿ. ಬರೆದ ಮೇಲೆ ಏನೂ ಸೇರಿಲ್ಲವೆಂದು ಮಾತ್ರ ಸಿದ್ಧವಾಗುತ್ತದೆ. ಮೂಲವೇ ದುಷ್ಟವಾಗಿರಲಿಲ್ಲವೆಂದು ಸಿದ್ಧವಾಗುವುದಿಲ್ಲ. ಅದಕ್ಕಾಗಿ ಅದನ್ನು ನಡೆಯಿಸಿ ಅದರ ನಡತೆಯನ್ನು ನೋಡಿದೆವು. ವೈರಸ್ಸುಗಳನ್ನು ಪರೀಕ್ಷಿಸುವವರು ಏನೂ ಕೆಲಸ ಮಾಡದ ಕೆಲವು ಸಣ್ಣ ಕಡತಗಳನ್ನು ಸುತ್ತಲೂ ಇಟ್ಟು ಅವು ಬದಲಾಗುತ್ತವೆಯೇ ಎಂದು ಕಾಯುವರು. ಹುಲಿಬೇಟೆಯ ನೆನಪಿನಿಂದಲೋ ಏನೋ ಅವನ್ನು ಮೇಕೆಗಳೆಂದೇ ಕರೆಯುತ್ತಾರೆ. ನಮ್ಮ ಮೇಕೆಗಳು ಮೂರು ದಿನಗಳಾದರೂ ಹಾಗೆಯೇ ಇದ್ದವು. ತಂತ್ರಾಂಶವು ಕೀಲಿಗಳನ್ನು ಆಲಿಸಿತು, ಕನ್ನಡವನ್ನು ಬರೆಯಿತು; ಕದ್ದು ಎಲ್ಲಿಯೂ ಬರೆದಿಡಲಿಲ್ಲ, ಹೊರಕ್ಕೆ ದಾರಿಯನ್ನು ಹುಡುಕಲಿಲ್ಲ.

ಪೆನ್‌ಡ್ರೈವಿನಲ್ಲಿ ಅಳಿಸದೆ ಉಳಿದಿದ್ದ ಅದೇ ತಂತ್ರಾಂಶದ ಕಡತವಾದರೋ ಸಿ.ಡಿ.ಯ ಪ್ರತಿಗಿಂತ ೪೧,೪೭೨ ಬೈಟುಗಳಷ್ಟು ದೊಡ್ಡದಾಗಿತ್ತು. ಇದು 'ನೆಶ್ತಾ' ಎಂಬ ವೈರಸ್ಸಿನ ಅಳತೆ. ಬೆಲಾರೂಸ್ ಭಾಷೆಯಲ್ಲಿ ಆ ಮಾತಿಗೆ 'ಏನೋ ಒಂದು' ಎಂದು ಅರ್ಥವಂತೆ, ಹೆಸರು ಚೆನ್ನಾಗಿದೆ. ಅದು ಕಡತದ ತಲೆಯ ಮೇಲೆ ತಾನು ಕುಳಿತು, ಮೂಲದ ಬೈಟುಗಳನ್ನು ನಾಶಪಡಿಸದೆ ಮರೆಮಾಚಿಡುತ್ತದೆ. ಆದಕಾರಣ ಅದನ್ನು ತೆಗೆಯಬಲ್ಲ ಸಾಧನದಿಂದ ಶುದ್ಧಿಮಾಡಿದಾಗ ಹೊರಬಂದ ಕಡತದ ಹ್ಯಾಶ್ ಸಂಖ್ಯೆಯು ಸಿ.ಡಿ.ಗಳದಕ್ಕೆ ಸಮನಾಯಿತು. ಆಂಟಿವೈರಸ್ಸಿನ ಮಾತು ಹೀಗೆ ಒಂದು ಪ್ರತಿಯಲ್ಲಿ ನಿಜವೂ ಎರಡರಲ್ಲಿ ಸುಳ್ಳೂ ಆಗಿತ್ತು, ಮತ್ತು ಮೂರರಲ್ಲಿಯೂ ಅದು ನುಡಿದ ಧ್ವನಿಯು ಒಂದೇ.

ಆಂಟಿವೈರಸ್ಸನ್ನು ಪೂರ್ತಿಯಾಗಿ ನಿಲ್ಲಿಸಿ ಕೆಲಸ ಮಾಡಿರೆಂದು ಕೆಲವರು ಸಲಹೆ ಕೊಡುವರು. ಕಳ್ಳನಲ್ಲದವನನ್ನು ಒಮ್ಮೆ ತಡೆದನೆಂದು ಕಾವಲುಗಾರನನ್ನೇ ಓಡಿಸುವ ಈ ಮಾತನ್ನು ನಾನು ಒಪ್ಪೆನು. ಬಹುತೇಕ ಆಂಟಿವೈರಸ್ಸುಗಳಲ್ಲಿ ಶಂಕಿತ ಕಡತವನ್ನು ಅಳಿಸದೆ ಪ್ರತ್ಯೇಕವಾಗಿ ಕೂಡಿಹಾಕುವ ಏರ್ಪಾಡಿರುತ್ತದೆ. ಗ್ರಂಥಭಂಡಾರಗಳಲ್ಲಿಯೂ ಸಂಶೋಧನ ಕೇಂದ್ರಗಳಲ್ಲಿಯೂ ಅದನ್ನೇ ನಿಯಮವಾಗಿ ಇಟ್ಟರೆ ಸಾಕು. ಯಾರೊಬ್ಬರ ಹಳೆಯ ಸಿ.ಡಿ.ಗಳನ್ನು ಸ್ವೀಕರಿಸುವಾಗಲೂ ಅದು ಯಾರ ಬಳಿ ಎಷ್ಟು ಕಾಲವಿತ್ತು, ಯಾವ ಅಂಗಡಿಯಲ್ಲಿ ತಯಾರಾಯಿತು, ಎರಡನೆಯ ಪ್ರತಿಯು ಯಾರಲ್ಲಿದೆ ಎಂಬುದನ್ನು ಓಲೆಗ್ರಂಥಕ್ಕೆ ಬರೆದುಕೊಳ್ಳುವಂತೆಯೇ ಬರೆದುಕೊಳ್ಳಬೇಕು. ಈ ಎರಡನೆಯ ಪ್ರತಿಯ ವಿಷಯವು ತುರ್ತಿನದು. ಮನೆಗಳಲ್ಲಿಯೇ ಸುಟ್ಟ ಸಿ.ಡಿ.ಗಳ ಬಣ್ಣದ ಪದರವು ಕೆಲವು ವರ್ಷಗಳಲ್ಲಿ ಕೆಡುತ್ತದೆ. ನಮ್ಮ ಕಡೆಯ ಬೇಸಗೆಯಲ್ಲಿ ಇನ್ನೂ ಬೇಗ. ಸಂಗ್ರಾಹಕರ ಸಿ.ಡಿ.ಯಲ್ಲಿ ಕೊನೆಯ ನಾಲ್ಕು ಹಾಡುಗಳ ಕಡತಗಳು ಆಗಲೇ ಓದಿಗೆ ಬಾರದಾಗಿದ್ದವು. ಅವನ್ನು ಅಂಗಡಿಯವರ ಸಿ.ಡಿ.ಯಿಂದ ತೆಗೆದುಕೊಂಡು, ಫಾಂಟಿನ ಒಂದೊಂದು ಸ್ಥಾನದಲ್ಲಿ ಯಾವ ಅಕ್ಷರಖಂಡವಿದೆಯೆಂದು ಆ ತಂತ್ರಾಂಶದ ಸಹಾಯದಿಂದಲೇ ಕೋಷ್ಟಕವನ್ನು ಬರೆದುಕೊಂಡು, ಹಾಡುಗಳನ್ನು ಯೂನಿಕೋಡಿಗೆ ತರುವ ಕೆಲಸವು ಈಗ ನಡೆಯುತ್ತಿದೆ.